ಲಾಂಚಾ ಔರೇಲಿಯಾ ಬಿ20: 2 ಲೀಟರ್ ಕಾರು ಫೆರಾರಿಯ ಬೆನ್ನು ಹತ್ತಿದ್ದು ಹೇಗೆ?

[ತೆರೆ ಮೇಲೆ: ಇಟಲಿಯ ನಕ್ಷೆ. ಬ್ರೆಷಾದಿಂದ ರೋಮ್‌ಗೆ ಹೋಗಿ ಬರುವ ದಾರಿ]

1951ರ ಮಿಲ್ಲೆ ಮಿಲಿಯಾ ರೇಸ್. ಬ್ರೆಷಾದಿಂದ ಹೊರಟು, ರೋಮ್ ಮುಟ್ಟಿ, ಮತ್ತೆ ಬ್ರೆಷಾಕ್ಕೆ ಬರಬೇಕು. 1,500 ಕಿ.ಮೀ.ಗೂ ಜಾಸ್ತಿ ದೂರ, ಎಲ್ಲಾ ಜನ ಓಡಾಡುವ ಮಾಮೂಲಿ ರಸ್ತೆಗಳೇ. ಗೆದ್ದದ್ದು 4.1 ಲೀಟರ್, 12 ಸಿಲಿಂಡರ್ ಎಂಜಿನ್ನಿನ ಫೆರಾರಿ. ಅದು ಗೆಲ್ಲಲೇಬೇಕಿತ್ತು ಬಿಡಿ. ಆದರೆ ಸುಮಾರು 20 ನಿಮಿಷದ ಹಿಂದೆ, ಎರಡನೆಯದಾಗಿ ಬಂದದ್ದು 2 ಲೀಟರ್ ಎಂಜಿನ್ನಿನ, ಇಟಲಿಯ ಲಾಂಚಾ ಕಂಪನಿಯ ಔರೇಲಿಯಾ ಬಿ20 ಜಿಟಿ! ಓಡಿಸಿದವರು ಜೊವಾನ್ನಿ ಬ್ರಾಕ್ಕೊ ಮತ್ತು ಉಂಬೆರ್ತೊ ಮಾಲ್ಯೋಲಿ.

ಶೋರೂಮಿನಲ್ಲಿ ಸಿಗುತ್ತಿದ್ದ ಬಿ20ಯ ಶಕ್ತಿ 75 ಎಚ್‌ಪಿ ಅಷ್ಟೇ. ಹಾಗಾದರೆ ಈ ಓಟ ಎಲ್ಲಿಂದ ಬಂತು?

[ತೆರೆ ಮೇಲೆ: ಎಂಜಿನ್ನಿನ ಸೀಳು ಚಿತ್ರ]

ಮೊದಲು ಎಂಜಿನ್. ಮಾರಾಟಕ್ಕೆಂದು ಸಾಲುಸಾಲಾಗಿ ತಯಾರಾದ ಕಾರಿಗೆ ಕೂತ ಮೊದಲ ವಿ6, ಅಂದರೆ ಆರು ಸಿಲಿಂಡರ್‌ಗಳು ‘V’ ಆಕಾರದಲ್ಲಿ ಎರಡು ಸಾಲಾಗಿರುವ ಎಂಜಿನ್, ಇದೇ. ಫ್ರಾನ್ಚೆಸ್ಕೊ ದೆ ವಿರ್ಜಿಲಿಯೊ ಎಂಬ ಎಂಜಿನಿಯರ್ ಇದರ ಲೆಕ್ಕ ಬಿಡಿಸಿದವರು. ಅವರ ಮೇಲಿದ್ದವರು ಹೆಸರಾಂತ ಕಾರು ವಿನ್ಯಾಸಕ ವಿತ್ತೋರಿಯೊ ಯಾನೊ. ವಿ6 ಅಂದರೆ ಅಲುಗಾಟ ಜಾಸ್ತಿ ಅನ್ನುವ ಭಯ ಆಗ ಇತ್ತು. ದೆ ವಿರ್ಜಿಲಿಯೊ ಎರಡು ಸಾಲು ಸಿಲಿಂಡರ್‌ಗಳ ನಡುವೆ 60 ಡಿಗ್ರಿ ಕೋನ ಇಟ್ಟರು, ಪಿಸ್ಟನ್‌ಗಳ ಮೇಲೆ-ಕೆಳಗಿನ ಓಡಾಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಆರು ಪಿಸ್ಟನ್ನಿಗೂ ಬೇರೆ ಬೇರೆ ಪಿನ್ ಕೊಟ್ಟರು. ಸಿಲಿಂಡರ್‌ಗಳೊಳಗೆ ಇಂಧನದ ಸಿಡಿತಗಳು ಸಮ ಅಂತರದಲ್ಲಿ ಬಂದವು, ಎಂಜಿನ್ ನಯವಾಯಿತು.

ಆದರೆ ನನಗೆ ಈ ಕಾರಿನ ಜೀವ ಇರುವುದು ಹಿಂಭಾಗದಲ್ಲಿ. ಸ್ವಲ್ಪ ಕಾರಿನ ಕೆಳಗೆ ನೋಡೋಣ.

[ತೆರೆ ಮೇಲೆ: ಕೆಳಗಿನಿಂದ ಕಾಣುವ ಚಾಸಿಸ್]

ಎಂಜಿನ್ ಮುಂದಿದೆ, ಗೇರ್‌ಬಾಕ್ಸ್ ಅದರ ಬೆನ್ನಿಗೆ ಇಲ್ಲ. ಕ್ಲಚ್, ಗೇರ್‌ಬಾಕ್ಸ್, ಎರಡು ಚಕ್ರಗಳಿಗೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೂರೂ ಒಂದೇ ಜೋಡಣೆಯಾಗಿ ಹಿಂದಿನ ಚಕ್ರಗಳ ನಡುವೆ ಕೂತಿವೆ. ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗಿದೆ. ಹಿಂದಿನ ಬ್ರೇಕ್ ಡ್ರಮ್‌ಗಳನ್ನು ನೋಡಿ, ಅವೂ ಚಕ್ರದಲ್ಲಿಲ್ಲ, ಡಿಫರೆನ್ಷಿಯಲ್ ಪಕ್ಕದಲ್ಲಿವೆ. ಚಕ್ರದ ಜೊತೆ ಕುಣಿಯುವ ಭಾರ ಕಡಿಮೆಯಾದಷ್ಟೂ ಟೈರು ರಸ್ತೆಯನ್ನು ಬಿಡುವುದಿಲ್ಲ, ಅಲ್ವಾ? ತಿರುವುಗಳಲ್ಲಿ ದೊಡ್ಡ ಎಂಜಿನ್ನಿನವರು ಕಳೆದುಕೊಳ್ಳುತ್ತಿದ್ದ ಸಮಯವನ್ನು ಬಿ20 ಗಳಿಸುತ್ತಿದ್ದದ್ದು ಇಲ್ಲಿ.

ಇನ್ನು ಗೇರ್ ಕಡ್ಡಿ, ನಮ್ಮ ಹಳೇ ಅಂಬಾಸಡರ್‌ನಲ್ಲಿದ್ದ ಹಾಗೆ, ಸ್ಟೀರಿಂಗ್ ಪಕ್ಕದಲ್ಲೇ. ಅಂದರೆ ಅಲ್ಲಿ ಕೈಯಾಡಿಸಿದ್ದು ಸರಳುಗಳ ಮೂಲಕ ಕಾರಿನ ಕೊನೆಯವರೆಗೆ ಹೋಗಿ ಗೇರ್ ಬದಲಿಸಬೇಕು. ರೇಸಿನವರಿಗೆ ಇದು ಅಷ್ಟು ಹಿಡಿಸಲಿಲ್ಲ. ನಾರ್ದಿ ಕಂಪನಿಯ ನೆಲದ ಗೇರ್ ಹಾಕಿಸಿಕೊಂಡವರು ಎಷ್ಟೋ ಜನ.

ಇನ್ನೊಂದು ವಿಷಯ. ಇಟಲಿಯಲ್ಲಿ ಗಾಡಿ ಹೋಗುವುದು ರಸ್ತೆಯ ಬಲಗಡೆ, ಆದರೂ ಮೊದಮೊದಲ ಬಿ20ಗಳಲ್ಲಿ ಸ್ಟೀರಿಂಗ್ ಬಲಕ್ಕೇ ಇತ್ತು. ಲಾಂಚಾದವರ ಹಳೇ ಪದ್ಧತಿ ಅದು. ಆಲ್ಪ್ಸ್ ಘಾಟಿಗಳಲ್ಲಿ ರಸ್ತೆಯ ಅಂಚು ಚಾಲಕನಿಗೆ ಚೆನ್ನಾಗಿ ಕಾಣಲಿ ಅಂತ.

1952ರಲ್ಲಿ ಸಿಸಿಲಿ ದ್ವೀಪದ ತಾರ್ಗಾ ಫ್ಲೋರಿಯೋ ರೇಸಿನಲ್ಲಿ ಮೊದಲ ಮೂರೂ ಸ್ಥಾನ ಔರೇಲಿಯಾಗಳದ್ದೇ. 1954ರಲ್ಲಿ ಲೂಯಿ ಶಿರಾನ್ ಇದರಲ್ಲೇ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು.

[ತೆರೆ ಮೇಲೆ: 3ನೇ ಮತ್ತು 4ನೇ ಸರಣಿಯ ಕಾರುಗಳು ಅಕ್ಕಪಕ್ಕ]

1958ರವರೆಗೆ ಆರು ಸರಣಿ ಬಂದವು, ಎಲ್ಲಾ ಸೇರಿ 4,000ಕ್ಕೂ ಕಡಿಮೆ ಕಾರು. ಅದರಲ್ಲಿ ಯಾವುದು ಒಳ್ಳೆಯದು? 1953ರ 3ನೇ ಸರಣಿಗೆ 2,451 ಸಿಸಿ ಎಂಜಿನ್, 118 ಎಚ್‌ಪಿ. ಅದರ ಓಟವೇ ಓಟ. ಆದರೆ ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗ ಥಟ್ಟನೆ ಜಾರಬಹುದು. 1954ರ 4ನೇ ಸರಣಿಯಲ್ಲಿ ಹಿಂದಿನ ಸಸ್ಪೆನ್ಷನ್ ತೆಗೆದು ಎರಡು ಹಿಂದಿನ ಚಕ್ರಗಳನ್ನು ಒಂದು ಕೊಳವೆಯಿಂದ ಜೋಡಿಸುವ ದೆ ದಿಯಾನ್ ಆ್ಯಕ್ಸಲ್ ಹಾಕಿದರು, ಆ ಜಾರುವ ಕಾಟ ತಗ್ಗಿತು. ದಿನವಿಡೀ ಓಡಿಸುವುದಕ್ಕೇ ಮಾಡಿದ ಕಾರು ತಾನೇ ಇದು? ನನ್ನ ಆಯ್ಕೆ 4ನೆಯದು. ನಿಮ್ಮದು ಯಾವುದು, ಯಾಕೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ.