7 ಗಂಟೆ ಊಟ

ಕೇಳುಗರಿಗೆ ನಮಸ್ಕಾರ. ಪ್ರಕೃತಿ ಚಿಕಿತ್ಸೆ ಬಗ್ಗೆ ಮಾತಾಡಿ ಅಂತ ಕರೆದಿದಾರೆ. ಮೊದಲೇ ಹೇಳ್ಬಿಡ್ತೀನಿ, ಇದು ಆಯುರ್ವೇದ ಅಲ್ಲ, ನಮ್ಮ ಹತ್ರ ಕಷಾಯ ಲೇಹ್ಯ ಎಂಥದೂ ಇಲ್ಲ, ಇದನ್ನ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ! ಮಣ್ಣು, ನೀರು, ಬಿಸಿಲು, ಗಾಳಿ, ಉಪವಾಸ, ಇಷ್ಟೇ ನಮ್ಮ ಮೆಡಿಕಲ್ ಶಾಪು. ಹಂಗಂತ ಯಾರೋ ಹೇಳ್ಕೊಟ್ಟ ಮದ್ದೂ ಅಲ್ಲ, ಐದೂವರೆ ವರ್ಷದ ಡಿಗ್ರಿ, 1989ರಲ್ಲೇ ಉಜಿರೇಲಿ ಕಾಲೇಜು ಶುರುವಾಯ್ತು, ನಮ್ಮ ಮೈಸೂರಲ್ಲೂ ಸರ್ಕಾರಿ ಕಾಲೇಜಿದೆ.

ಶುಗರ್ರು ಬಿಪಿ ಇರೋರು ಮಾತ್ರೆ ನುಂಗ್ತಾ ಇರಿ, ಡಾಕ್ಟ್ರನ್ನ ಕೇಳ್ದೆ ಬಿಡ್ಬೇಡಿ. ನಾನು ಕೇಳೋದು ಒಂದೇ, ರಾತ್ರಿ ಊಟ 7 ಗಂಟೆಗೆ ಮುಗ್ಸಿ. ರಾತ್ರಿ ಆಗ್ತಾ ಆಗ್ತಾ ಮೈಯಲ್ಲಿ ಇನ್ಸುಲಿನ್ ಕೆಲಸ ಮಂದ ಆಗುತ್ತೆ, ನೀವು 10 ಗಂಟೆಗೆ ಎರಡು ಮುದ್ದೆ ನುಂಗಿ ಮಲಗಿದ್ರೆ ಬೆಳಗ್ಗೆ ಶುಗರ್ ಇನ್ನೆಲ್ಲಿರುತ್ತೆ?

ಪಾಂಡವಪುರದ ಕಡೆ ಆಲೆಮನೆ ಯಜಮಾನ್ರೊಬ್ರು ಬರ್ತಿದ್ರು. ಮಾತು ಕೇಳೋ ಮನುಷ್ಯ, 7ಕ್ಕೆ ಸರಿಯಾಗಿ ಊಟ, ಬೆಳಗ್ಗೆ ವಾಕಿಂಗು, ಕಾಫಿಗೆ ಸಕ್ಕರೆ ಇಲ್ಲ. ಆದ್ರೂ ಒಂದು ತಿಂಗಳು ಶುಗರ್ ಜಪ್ಪಯ್ಯ ಅನ್ಲಿಲ್ಲ. ನಂಗೇ ಡೌಟು ಬಂತು, ಮನೆಯವ್ರನ್ನ ಕರ್ಕೊಂಬನ್ನಿ ಅಂದೆ. ಆಯಮ್ಮ ಬಂದೋರೇ, 'ಸಾ, ಮನೇಲಿ ಪಸಂದಾಗವ್ರೆ, ಉಂಡ್ಬುಟ್ಟು ಆಲೆಮನೆಗೆ ಹೋಯ್ತರೆ' ಅಂದ್ರು. ಅಲ್ಲೇನ್ ಮಾಡ್ತೀರಿ ಯಜಮಾನ್ರೇ? 'ಏನಿಲ್ಲ ಸಾ, ಪಾಕ ಬಂತಾ ಅಂತ ನೋಡ್ತೀನಿ.' ಕೊಪ್ಪರಿಗೆಯಿಂದ ಒಂಚೂರು ತೆಗೆದು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತಾ ನೋಡ್ತಾರಲ್ಲ, ಅದು. ನೋಡಿದ ಉಂಡೆ ಎಲ್ಲಿಗೆ ಹೋಗುತ್ತೆ? ಬಾಯಿಗೆ! ರಾತ್ರಿಗೆ ನಾಕು ಕೊಪ್ಪರಿಗೆ. 'ಅದು ಊಟ ಅಲ್ವಲ್ಲ ಸಾ, ಕೆಲಸ' ಅಂತಾರೆ. ನಗ್ಬೇಕೋ ಬೈಬೇಕೋ ಗೊತ್ತಾಗ್ಲಿಲ್ಲ. ಕೊನೆಗೆ ಪಾಕ ನೋಡೋ ಕೆಲಸ ಮಗನಿಗೆ ವಹಿಸಿದ್ರು, ಆಮೇಲೆ ಶುಗರ್ ಇಳೀತು, ಅವರ ಡಾಕ್ಟ್ರೇ ಒಂದು ಮಾತ್ರೆ ಕಮ್ಮಿ ಮಾಡಿದ್ರು. ಈಗ ಮಗ ದಪ್ಪ ಆಗ್ತಿದಾನೆ, ಅದು ಬೇರೆ ಕತೆ. 7 ಗಂಟೆ ಊಟ ಅಂದ್ರೆ 7ರ ಮೇಲೆ ಬಾಯಿಗೆ ಬೀಗ, ಬಿಸ್ಕತ್ತೂ ಊಟವೇ, ಬೆಲ್ಲದುಂಡೇನೂ ಊಟವೇ.

ಗಾಜಿನಾಚೆಯಿಂದ ಕೈ ತೋರಿಸ್ತಿದಾರೆ, ಟೈಮ್ ಆಯ್ತಂತೆ. ಸೊಂಟ ಸ್ನಾನ, ಹಬೆ ಸ್ನಾನ ಹೇಳೋಣ ಅಂತಿದ್ದೆ, ಆಗ್ಲಿಲ್ಲ. ಮಣ್ಣಿನ ಪಟ್ಟಿ ಒಂದು ಹೇಳಿಬಿಡ್ತೀನಿ, ನೆನೆಸಿ ತಣ್ಣಗಾದ ಮಣ್ಣನ್ನ ಬಟ್ಟೇಲಿ ಸುತ್ತಿ ಬರಿ ಹೊಟ್ಟೇಲಿ ಹೊಟ್ಟೆ ಮೇಲೆ 20 ನಿಮಿಷ. ಮಣ್ಣು ಮಾತ್ರ 3-4 ಅಡಿ ಆಳದ್ದು ತಗೊಳ್ಳಿ, ಕಬ್ಬಿನ ಗದ್ದೆ ಮೇಲ್ಮಣ್ಣು ಬಾಚ್ಕೊಂಡ್ ಬರ್ಬೇಡ್ರಪ್ಪಾ, ಅದ್ರಲ್ಲಿ ನೀವೇ ಎರಚಿದ ಯೂರಿಯಾ ಇರುತ್ತೆ. ನಮಸ್ಕಾರ.