ಸ್ವಿಚ್ ಕೊಟ್ಟ ಸಂಖ್ಯೆಗೆ ಹೆಸರು ಎಲ್ಲಿಂದ ಬರುತ್ತದೆ? ಪೈಥಾನ್‌ನಲ್ಲಿ ಮಿಬ್ ಫೈಲ್‌ಗಳ ನಿರ್ವಹಣೆ

[ಪರದೆಯಲ್ಲಿ: 1.3.6.1.2.1.2.2.1.8.3 = 2]

ನಮಸ್ಕಾರ. ಈ ಸಾಲನ್ನು ನೋಡಿ. ನೆಟ್‌ವರ್ಕ್ ಸಾಧನಗಳ ಸ್ಥಿತಿ ಕೇಳಿ ತಿಳಿಯುವ ಎಸ್‌ಎನ್‌ಎಂಪಿ ಎಂಬ ಪ್ರೋಟೋಕಾಲ್ ಮೂಲಕ ಒಂದು ನೆಟ್‌ವರ್ಕ್ ಸ್ವಿಚ್‌ಗೆ ಪ್ರಶ್ನೆ ಕೇಳಿದರೆ ಬರುವ ಉತ್ತರ ಹೀಗಿರುತ್ತದೆ. ಸ್ವಿಚ್ ತನ್ನ ಕೆಲಸ ಮುಗಿಸಿತು. ನಮಗೆ ಏನಾದರೂ ಅರ್ಥ ಆಯ್ತಾ?

[ಪರದೆಯಲ್ಲಿ: ಐಎಫ್-ಮಿಬ್ :: ಇಫ್‌ಆಪರ್‌ಸ್ಟೇಟಸ್.3 = ಡೌನ್]

ಈಗ ಆಯ್ತು. ಇಂಡೆಕ್ಸ್ 3 ಇರುವ ಇಂಟರ್‌ಫೇಸ್ ಡೌನ್ ಆಗಿದೆ. ಎರಡೂ ಸಾಲು ಒಂದೇ ಪ್ಯಾಕೆಟ್‌ನಿಂದ ಬಂದದ್ದು. ಆದರೆ ಆ ಪ್ಯಾಕೆಟ್‌ನಲ್ಲಿ ಯಾವ ಹೆಸರೂ ಇರಲಿಲ್ಲ. ಇದ್ದದ್ದು ಓಐಡಿ ಎಂಬ ಆ ಉದ್ದ ಸಂಖ್ಯೆ ಮತ್ತು ಅದರ ಬೆಲೆ, ಅಷ್ಟೇ. ಹೆಸರು, 2 ಅಂದರೆ ಡೌನ್ ಅನ್ನುವ ವಿವರ, ಎಲ್ಲವೂ ನಮ್ಮ ಕಡೆ ಇರುವ ಮಿಬ್ ಫೈಲ್‌ನಿಂದ ಬಂದವು. ಅಂದರೆ ತಪ್ಪು ಮಿಬ್ ಇಟ್ಟುಕೊಂಡರೆ ಸ್ವಿಚ್ ಸರಿಯಾಗಿ ಹೇಳಿದ್ದನ್ನೂ ನಾವು ತಪ್ಪಾಗಿ ಓದಬಹುದು.

ಪೈಥಾನ್‌ನಲ್ಲಿ ಈ ಕೆಲಸಕ್ಕೆ ಜಾಸ್ತಿ ಬಳಕೆಯಲ್ಲಿರುವ ಜೋಡಿ ಪೈಎಸ್‌ಎನ್‌ಎಂಪಿ ಮತ್ತು ಪೈಎಸ್‌ಎಂಐ. ಮೊದಲನೆಯದು ಸಾಧನದ ಜೊತೆ ಮಾತಾಡುತ್ತದೆ. ಎರಡನೆಯದು ಮಿಬ್ ಫೈಲ್‌ಗಳನ್ನು ಕಂಪೈಲ್ ಮಾಡಿ ಪೈಥಾನ್ ಮಾಡ್ಯೂಲ್ ಆಗಿ ಬದಲಾಯಿಸುತ್ತದೆ. ಇವತ್ತು ನಾವು ನೋಡೋದು ಎರಡರ ನಡುವಿನ ಜಾಗವನ್ನು. ಆ ಫೈಲ್‌ಗಳನ್ನು ಎಲ್ಲಿಂದ ತರಬೇಕು, ಎಲ್ಲಿಡಬೇಕು, ಯಾವಾಗ ಕಂಪೈಲ್ ಮಾಡಬೇಕು?

[ಪರದೆಯಲ್ಲಿ: ಒಂದು ಮಿಬ್ ಫೈಲ್, ಇಂಪೋರ್ಟ್ಸ್ ಭಾಗ ಹಳದಿ ಬಣ್ಣದಲ್ಲಿ]

ಮಿಬ್ ಅಂದರೆ ಸಾದಾ ಟೆಕ್ಸ್ಟ್ ಫೈಲ್. ಅದನ್ನು ಹೇಗೆ ಬರೆಯಬೇಕು ಅನ್ನುವ ನಿಯಮಗಳು 1999ರ ಆರ್‌ಎಫ್‌ಸಿ 2578 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಲ್ಲಿವೆ. ಒಂದು ಮಿಬ್ ಒಂಟಿಯಾಗಿ ಬರುವುದು ಅಪರೂಪ. ಐಎಫ್-ಮಿಬ್ ಒಂದೇ ಬೇರೆ ಐದು ಮಾಡ್ಯೂಲ್‌ಗಳಿಂದ ಇಂಪೋರ್ಟ್ ಮಾಡುತ್ತದೆ. ಅವುಗಳಲ್ಲಿ ಒಂದು ಸಿಗದಿದ್ದರೂ ಕಂಪೈಲ್ ನಿಲ್ಲುತ್ತದೆ. ವೆಂಡರ್, ಅಂದರೆ ಸಾಧನ ತಯಾರಕರು ಕೊಡುವ ಮಿಬ್‌ಗಳಲ್ಲಿ ಈ ಸರಪಳಿ ಇನ್ನೂ ಉದ್ದ. ಸಾಲದ್ದಕ್ಕೆ ಫೈಲ್‌ನ ಹೆಸರು ಒಂದು, ಒಳಗಿರುವ ಮಾಡ್ಯೂಲ್‌ನ ಹೆಸರು ಇನ್ನೊಂದು. ನಿಯಮಕ್ಕೆ ಸರಿಹೋಗದ ಅಂಡರ್‌ಸ್ಕೋರ್ ಇರುವ ಹೆಸರುಗಳೂ ಸಿಗುತ್ತವೆ. ತಲೆ ಕೆಡಿಸಿಕೊಳ್ಳಬೇಡಿ, ಫೈಲ್‌ಗೆ ಒಳಗಿನ ಮಾಡ್ಯೂಲ್‌ನ ಹೆಸರನ್ನೇ ಇಡಿ. ಅರ್ಧ ತಾಪತ್ರಯ ಅಲ್ಲೇ ಕಳೆಯುತ್ತದೆ.

ಈಗ ಮುಖ್ಯ ವಿಷಯ. ಪೈಎಸ್‌ಎನ್‌ಎಂಪಿಯಲ್ಲಿ ಒಂದು ಸೌಕರ್ಯ ಇದೆ. ಬೇಕಾದ ಮಿಬ್ ಸಿಗದಿದ್ದರೆ ಪ್ರೋಗ್ರಾಂ ಓಡುತ್ತಿರುವಾಗಲೇ ಹುಡುಕಿ, ಕಂಪೈಲ್ ಮಾಡಿ, ಹೋಮ್ ಡೈರೆಕ್ಟರಿಯಲ್ಲಿ ಇಟ್ಟುಕೊಳ್ಳುವಂತೆ ಹೇಳಬಹುದು. ವೆಬ್ ವಿಳಾಸವನ್ನೂ ಮೂಲವಾಗಿ ಕೊಡಬಹುದು. ಕಲಿಯುವಾಗ ಇದು ತುಂಬಾ ಚೆನ್ನ. ನಿಜವಾದ ಸರ್ವರ್ ಮೇಲೆ ಬೇಡ. ಯಾಕೆ? ಎರಡು ಸರ್ವರ್‌ಗಳಲ್ಲಿ ಒಂದೇ ಕೋಡ್ ಇದ್ದರೂ, ಬೇರೆ ಬೇರೆ ದಿನ ಇಳಿಸಿಕೊಂಡ ಬೇರೆ ಬೇರೆ ಮಿಬ್‌ಗಳು ಕೂತಿರಬಹುದು. ಒಂದೇ ಸಾಧನಕ್ಕೆ ಎರಡು ಉತ್ತರ ಬರುತ್ತದೆ. ನೀವು ಕೋಡ್‌ನಲ್ಲಿ ದೋಷ ಹುಡುಕುತ್ತಾ ಕೂರುತ್ತೀರಿ. ದೋಷ ಅಲ್ಲಿರುವುದೇ ಇಲ್ಲ!

ಇದು ಬರೀ ಊಹೆ ಅಲ್ಲ. ನಾವು ಮೊದಲು ನೋಡಿದ ಅದೇ ಓಐಡಿಗೆ ವಾಪಸ್ ಹೋಗೋಣ.

[ಪರದೆಯಲ್ಲಿ: ಎಡಕ್ಕೆ ಆರ್‌ಎಫ್‌ಸಿ1213-ಮಿಬ್, ಬಲಕ್ಕೆ ಐಎಫ್-ಮಿಬ್]

ಎಡಗಡೆ 1991ರ ಆರ್‌ಎಫ್‌ಸಿ1213-ಮಿಬ್, ಅಂದರೆ ಎಂಐಬಿ-2. ಬಲಗಡೆ 2000ನೇ ಇಸವಿಯ ಐಎಫ್-ಮಿಬ್. ಎರಡರಲ್ಲೂ ಇಫ್‌ಆಪರ್‌ಸ್ಟೇಟಸ್ ಇದೆ, ಎರಡರಲ್ಲೂ ಅದೇ ಓಐಡಿ. ಆದರೆ ಹಳೆಯದರಲ್ಲಿ ಮೂರೇ ಸ್ಥಿತಿ: ಅಪ್, ಡೌನ್, ಟೆಸ್ಟಿಂಗ್. ಹೊಸದರಲ್ಲಿ ಏಳು. 7 ಅಂದರೆ ಕೆಳಗಿನ ಪದರ ಡೌನ್ ಆಗಿದೆ ಅಂತ. ನಿಮ್ಮ ಫೋಲ್ಡರ್‌ನಲ್ಲಿ ಹಳೆಯದು ಮಾತ್ರ ಇದ್ದು, ಸ್ವಿಚ್ 7 ಕಳಿಸಿದರೆ? ಲೈಬ್ರರಿ ಆ 7 ಅನ್ನು ಮಿಬ್‌ನ ವ್ಯಾಖ್ಯಾನಕ್ಕೆ ಹೊಂದಿಸಲು ನೋಡುತ್ತದೆ. ಪಟ್ಟಿಯಲ್ಲಿ 7 ಇಲ್ಲ. ಅಲ್ಲಿಗೆ ದೋಷ ಎಸೆಯಬಹುದು. ಅಂದರೆ ಲಿಂಕ್ ಬಿದ್ದಾಗಲೇ ನಿಮ್ಮ ಮಾನಿಟರಿಂಗೂ ಬೀಳುತ್ತದೆ.

ಎರಡೂ ಫೈಲ್ ಇದ್ದರೆ ಇನ್ನೂ ಗೊಂದಲ. ಹಾಗಾಗಿ ಕೋಡ್‌ನಲ್ಲಿ ಬರೀ ಇಫ್‌ಆಪರ್‌ಸ್ಟೇಟಸ್ ಅನ್ನಬೇಡಿ, ಮಾಡ್ಯೂಲ್‌ನ ಹೆಸರನ್ನೂ ಸೇರಿಸಿ ಹೇಳಿ. ಆಬ್ಜೆಕ್ಟ್‌ಐಡೆಂಟಿಟಿ ಕ್ಲಾಸ್‌ಗೆ ಮೊದಲು ಐಎಫ್-ಮಿಬ್, ಆಮೇಲೆ ವಸ್ತುವಿನ ಹೆಸರು, ಕೊನೆಗೆ ಇಂಡೆಕ್ಸ್ ಕೊಟ್ಟರೆ ಆಯಿತು.

ಇಂಟರ್‌ಫೇಸ್ ಯಾವ ಬಗೆಯದು ಅನ್ನುವ ಪಟ್ಟಿಗೂ ಇದೇ ಕಥೆ. ಈಥರ್‌ನೆಟ್‌ಗೆ 6. ಆ ಪಟ್ಟಿಯನ್ನು ನೋಡಿಕೊಳ್ಳುವುದು ಇಂಟರ್‌ನೆಟ್‌ನ ಇಂಥ ಸಂಖ್ಯೆಗಳ ದಾಖಲೆ ಇಡುವ ಐಎಎನ್‌ಎ, ಅಲ್ಲಿ ಹೊಸ ಸಂಖ್ಯೆಗಳು ಸೇರುತ್ತಲೇ ಇರುತ್ತವೆ.

[ಪರದೆಯಲ್ಲಿ: ಪ್ರಾಜೆಕ್ಟ್‌ನ ಫೋಲ್ಡರ್ ಮರ. ಮೂಲ ಮಿಬ್‌ಗಳು ಒಂದು ಕಡೆ, ಕಂಪೈಲ್ ಆದವು ಇನ್ನೊಂದು ಕಡೆ]

ನನ್ನ ಅಭಿಪ್ರಾಯ ಇಷ್ಟು. ಮಿಬ್ ಫೈಲ್‌ಗಳನ್ನು ಕೋಡ್‌ನಂತೆಯೇ ನೋಡಿ. ಮೂಲ ಫೈಲ್‌ಗಳನ್ನು ಗಿಟ್‌ನಲ್ಲಿ ಇಡಿ. ಬಿಲ್ಡ್ ಆಗುವಾಗ ಮಿಬ್‌ಡಂಪ್ ಎಂಬ ಟೂಲ್‌ನಿಂದ ಕಂಪೈಲ್ ಮಾಡಿ. ಓಡುವಾಗ ಪೈಎಸ್‌ಎನ್‌ಎಂಪಿಯಲ್ಲಿ ಮಿಬ್‌ಗಳನ್ನು ಲೋಡ್ ಮಾಡುವ ಮಿಬ್‌ಬಿಲ್ಡರ್‌ಗೆ ಆ ಸಿದ್ಧ ಫೋಲ್ಡರ್‌ನ ದಾರಿ ತೋರಿಸಿ, ಓಡುತ್ತಲೇ ಕಂಪೈಲ್ ಮಾಡುವುದನ್ನು ಬಿಟ್ಟುಬಿಡಿ. ಆಗ ಕೊರತೆ ಇದ್ದರೆ ಬಿಲ್ಡ್ ಆಗುವಾಗಲೇ ಗೊತ್ತಾಗುತ್ತದೆ, ರಾತ್ರಿ ಎರಡು ಗಂಟೆಗೆ ಅಲ್ಲ. ವಿವರಣೆಯ ಉದ್ದುದ್ದ ಪಠ್ಯ ಬೇಡದಿದ್ದರೆ ಅದನ್ನು ಸೇರಿಸಲೇಬೇಡಿ, ಮೆಮೊರಿ ಉಳಿಯುತ್ತದೆ.

ಡೇಟಾಬೇಸ್‌ನಲ್ಲಿ ಏನನ್ನು ಉಳಿಸಬೇಕು? ನಾನಾದರೆ ಓಐಡಿ ಮತ್ತು ಮೂಲ ಬೆಲೆಯನ್ನೇ ಉಳಿಸುತ್ತೇನೆ, ಹೆಸರನ್ನು ತೋರಿಸುವಾಗ ಮಾತ್ರ ಹಾಕುತ್ತೇನೆ. ಒಮ್ಮೆ ಕೊಟ್ಟ ಓಐಡಿಯ ಅರ್ಥ ಬದಲಾಯಿಸುವಂತಿಲ್ಲ, ಅರ್ಥ ಬೇರೆಯಾದರೆ ಹೊಸ ಓಐಡಿಯನ್ನೇ ಕೊಡಬೇಕು ಅನ್ನುತ್ತದೆ ನಿಯಮ. ಮಿಬ್ ತಪ್ಪಾಗಿತ್ತು ಅಂತ ನಾಳೆ ಗೊತ್ತಾದರೆ, ಫೈಲ್ ಬದಲಾಯಿಸಿ ಹಳೇ ದತ್ತಾಂಶವನ್ನು ಮತ್ತೆ ಓದಬಹುದು. ಬರೀ ಹೆಸರನ್ನು ಉಳಿಸಿದ್ದರೆ ಆ ದಾರಿ ಮುಚ್ಚಿದಂತೆಯೇ.

ನಿಮ್ಮಲ್ಲಿರುವುದು ಯಾವ ಆವೃತ್ತಿ ಅಂತ ತಿಳಿಯಲು ಫೈಲ್‌ನೊಳಗೆ ಲಾಸ್ಟ್-ಅಪ್‌ಡೇಟೆಡ್ ಸಾಲು ನೋಡಿ. ಐಎಫ್-ಮಿಬ್‌ನಲ್ಲಿ 200006140000ಝಡ್ ಅಂತ ಇದೆ. ಅಂದರೆ 2000ದ ಜೂನ್ 14. ಎಂಐಬಿ-2ರಷ್ಟು ಹಳೇ ಫೈಲ್‌ನಲ್ಲಿ ಈ ಸಾಲೇ ಇರುವುದಿಲ್ಲ.

ಇದೆಲ್ಲ ಇಷ್ಟು ಕಷ್ಟ ಯಾಕೆ ಅಂದರೆ, ಎಸ್‌ಎನ್‌ಎಂಪಿ ಸಾಧನ ತನ್ನ ಮಿಬ್ ಫೈಲನ್ನು ತಾನೇ ಕೊಡುವುದಿಲ್ಲ. ಮಿಬ್‌ನಂತೆಯೇ ಸಾಧನದ ದತ್ತಾಂಶವನ್ನು ವಿವರಿಸುವ, ಹೊಸ ಪೀಳಿಗೆಯ ಯಾಂಗ್ ಭಾಷೆಯಲ್ಲಿ ಈ ವಿಷಯ ಸುಧಾರಿಸಿದೆ. ಅಲ್ಲಿ ಫೈಲ್‌ನ ಹೆಸರಲ್ಲೇ ಪರಿಷ್ಕರಣೆಯ ದಿನಾಂಕ ಸೇರಿಸುವ ರೂಢಿ ಇದೆ. ಅದರ ಜೊತೆ ಬಳಸುವ ನೆಟ್‌ಕಾನ್ಫ್ ಎಂಬ ಪ್ರೋಟೋಕಾಲ್ ಮೂಲಕ ಗೆಟ್-ಸ್ಕೀಮಾ ಕೇಳಿದರೆ, ಅದನ್ನು ಬೆಂಬಲಿಸುವ ಸಾಧನ ತಾನು ಬಳಸುವ ವ್ಯಾಖ್ಯಾನವನ್ನೇ ಕಳಿಸುತ್ತದೆ. ಆದರೂ ತಂದದ್ದನ್ನು ಗಿಟ್‌ನಲ್ಲಿ ಇಡಿ. ಫರ್ಮ್‌ವೇರ್ ಬದಲಾದಾಗ ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ಒಂದು ಡಿಫ್‌ನಲ್ಲಿ ಕಾಣುತ್ತದೆ.