ಕರೆಂಟ್ ಹೋದ ರಾತ್ರಿ ಉರಿಯೋ ಒಲೆ

ಎಲ್ರಿಗೂ ನಮಸ್ಕಾರ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರೋ ನಮ್ಮ ಕನ್ನಡದವರು ಚಳಿ ಶುರುವಾಗ್ತಿದ್ದ ಹಾಗೆ ನನ್ನ ಹತ್ರ ಕೇಳೋದು ಒಂದೇ, ಸರ್, ಮನೆ ಬಿಸಿ ಮಾಡೋ ಆಯಿಲ್ ಬಿಲ್ ಕಟ್ಟಿ ಸಾಕಾಗಿದೆ, ಮನೆ ಬೆಚ್ಚಗಿಡಕ್ಕೆ ಕಲ್ಲಿದ್ದಲು ಸ್ಟವ್ ಹಾಕಿಸ್ಲಾ ಪೆಲೆಟ್ ಸ್ಟವ್ ಹಾಕಿಸ್ಲಾ ಅಂತ. ನಾನೂ ತಿರುಗಿ ಒಂದೇ ಕೇಳ್ತೀನಿ, ಕರೆಂಟ್ ಹೋದ್ರೆ ಏನ್ ಮಾಡ್ತೀರಾ?

ಪೆಲೆಟ್ ಅಂದ್ರೆ ಮರದ ಹೊಟ್ಟು ಒತ್ತಿ ಮಾಡಿರೋ ಸಣ್ಣ ಸಣ್ಣ ತುಂಡು, 40 ಪೌಂಡಿನ ಚೀಲದಲ್ಲಿ ಬರುತ್ತೆ. ಸುರಿದು ಬಟನ್ ಒತ್ತಿದ್ರೆ ತಾನೇ ಹೊತ್ಕೊಳ್ಳುತ್ತೆ, ಬೂದಿನೂ ಕಮ್ಮಿ. ಆದ್ರೆ ಒಳಗೆ ಆ ತುಂಡುಗಳನ್ನ ತಳ್ಳೋ ಸ್ಕ್ರೂಗೆ ಮೋಟರ್ ಬೇಕು, ಊದಕ್ಕೆ ಫ್ಯಾನ್ ಬೇಕು, ಎರಡಕ್ಕೂ ಕರೆಂಟ್ ಬೇಕು.

2011ರ ಅಕ್ಟೋಬರ್ 29. ಆಗ ನಾವು ಅಲೆನ್‌ಟೌನ್ ಹತ್ರ ಇದ್ವಿ. ಮರದ ಎಲೆ ಇನ್ನೂ ಉದುರೇ ಇರ್ಲಿಲ್ಲ, ಅಷ್ಟರಲ್ಲೇ ಒದ್ದೆ ಹಿಮ ಬಿತ್ತು, ಎಲೆ ಮೇಲೆ ಹಿಮ ಕೂತು ಭಾರಕ್ಕೆ ಕೊಂಬೆಗಳು ಮುರಿದು ಲೈನ್ ಮೇಲೆ ಬಿದ್ವು, ಕರೆಂಟ್ ಹೋಯ್ತು. ನಾಲ್ಕು ದಿನ ಬರ್ಲಿಲ್ಲ. ನಮ್ಮನೇಲಿ ಹೊಸಾ ಪೆಲೆಟ್ ಸ್ಟವ್, ಬೇಸ್‌ಮೆಂಟಲ್ಲಿ 50 ಚೀಲ, ಅಂದ್ರೆ ಅಮೆರಿಕದ ಲೆಕ್ಕದಲ್ಲಿ ಸರಿಯಾಗಿ ಒಂದು ಟನ್, ಎಲ್ಲಾ ಇದ್ದೂ ಮಕ್ಕಳು ಜಾಕೆಟ್ ಹಾಕ್ಕೊಂಡು ನಡುಗ್ತಾ ಕೂತಿದ್ರು. ಆಯಿಲಲ್ಲಿ ಮನೆ ಬಿಸಿ ಮಾಡೋ ಫರ್ನೇಸೂ ಕರೆಂಟಿಲ್ಲದೆ ನಿಂತೋಗಿತ್ತು. ಎರಡು ಮನೆ ಆಚೆ ಇದ್ದ ಅಜ್ಜ ಬಾಗಿಲು ತಟ್ಟಿ ಎಲ್ಲರೂ ನಮ್ಮನೆಗೆ ಬನ್ನಿ ಅಂತ ಕರೆದ್ರು. ಅವರ ತಂದೆ ಗಣಿಯಲ್ಲಿ ಕೆಲಸ ಮಾಡಿದವರು, ಮನೇಲಿ ಹಳೇ ಕಲ್ಲಿದ್ದಲು ಸ್ಟವ್, ಕೈಯಲ್ಲೇ ತುಂಬೋದು. ಒಳಗೆ ಕಾಲಿಟ್ರೆ ಬೆಚ್ಚಗೆ! ನನ್ನ ಹೆಂಡತಿ ಮನೆಯಿಂದ ಅಕ್ಕಿ, ಬೇಳೆ ತಂದು ಆ ಸ್ಟವ್ ಮೇಲೇ ಅನ್ನ ಸಾರು ಮಾಡಿದ್ಲು, ಅಜ್ಜಿ ಸಾರನ್ನ ಲೋಟದಲ್ಲಿ ಎರಡು ಸಲ ಹಾಕಿಸ್ಕೊಂಡು ಕುಡಿದ್ರು.

ನಾನು ಊರಿನ ಬಚ್ಚಲೊಲೆ ಅಭ್ಯಾಸದಲ್ಲಿ ಮೇಲಿಂದ ಕೆಂಡ ಕೆದಕಕ್ಕೆ ಹೋದೆ, ಅಜ್ಜ ಕೈ ಹಿಡ್ಕೊಂಡ್ರು. ಇಲ್ಲಿನ ಕಲ್ಲಿದ್ದಲು ಆಂಥ್ರಸೈಟ್, ಅಂದ್ರೆ ತುಂಬಾ ಗಟ್ಟಿ ಜಾತಿದು, ಮೇಲಿಂದ ಕೆದಕಿದ್ರೆ ಆರೋಗುತ್ತೆ, ಅದಕ್ಕೆ ಗಾಳಿ ಕೆಳಗಿಂದ ಬರಬೇಕು. 1808ರಲ್ಲಿ ಇದೇ ರಾಜ್ಯದ ವಿಲ್ಕ್ಸ್-ಬ್ಯಾರಿಯಲ್ಲಿ ಜೆಸ್ಸಿ ಫೆಲ್ ಅನ್ನೋರು ಕಬ್ಬಿಣದ ಜಾಲರಿ ಮೇಲೆ ಇಟ್ಟು, ತಿದಿ ಊದದೇನೇ ಇದು ಉರಿಯುತ್ತೆ ಅಂತ ತೋರಿಸಿದ್ದೂ ಇದೇ ರೀತಿ. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ ಕೆಳಗಿನ ಜಾಲರಿ ಅಲ್ಲಾಡಿಸಿ ಬೂದಿ ಉದುರಿಸಿ ಮೇಲೆ ಕಲ್ಲಿದ್ದಲು ತುಂಬಿದ್ರೆ ಮುಗೀತು. ನೀಲಿ ಉರಿ, ಹೊಗೆ ಇಲ್ಲ, ಪ್ಲಗ್ಗೂ ಇಲ್ಲ.

ಅದೇ ಹೇಳ್ತಿರೋದು, ಪ್ಲಗ್ ಇಲ್ಲ! ಅಂಗಡಿಗೆ ಹೋದ್ರೆ ಸ್ಟೋಕರ್ ಸ್ಟವ್ ತೋರಿಸ್ತಾರೆ, ಕಲ್ಲಿದ್ದಲನ್ನ ತಾನೇ ತಳ್ಕೊಳ್ಳೋದು, ಅದಕ್ಕೆ ರೈಸ್ ಕೋಲ್ ಹಾಕೋದು, ಅಕ್ಕಿ ತರ ಸಣ್ಣಗಿರುತ್ತೆ. ಬೇಡ, ಅದಕ್ಕೂ ಮೋಟರ್ ಇದೆ. ಕೈಯಲ್ಲಿ ತುಂಬೋದನ್ನೇ ಕೇಳಿ, ಅದಕ್ಕೆ ನಟ್ ಕೋಲ್, ಅಂದ್ರೆ ಅದಕ್ಕಿಂತ ದಪ್ಪ ತುಂಡಿನ ಕಲ್ಲಿದ್ದಲು ತರಿಸಿ.

ಟೈಮ್ ಆಯ್ತು ಅಂತ ಕೈ ತೋರಿಸ್ತಿದಾರೆ, ಬೇಗ ಹೇಳ್ಬಿಡ್ತೀನಿ. ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ ಬರುತ್ತೆ, ಬಕೆಟ್ ಹೊರಬೇಕು. ಕಲ್ಲಿದ್ದಲು ನೆನೆದ್ರೂ ಪರವಾಗಿಲ್ಲ, ಪೆಲೆಟ್ ನೆನೆದ್ರೆ ಉಬ್ಬಿ ಪುಡಿಯಾಗುತ್ತೆ. ಕಲ್ಲಿದ್ದಲು ಸ್ಟವ್‌ಗೆ ಮನೆಯ ಚಿಮಣಿ, ಅಂದ್ರೆ ಹೊಗೆಗೊಳವೆ, ಗಟ್ಟಿಯಾಗಿರಬೇಕು, ಚಿಮಣಿ ಇಲ್ಲದವರು ಪೆಲೆಟ್ ಹಾಕಿಸಿ, ಜೊತೆಗೆ ಬ್ಯಾಟರಿ ಬ್ಯಾಕಪ್ ಇಟ್ಕೊಳ್ಳಿ. ಯಾವುದೇ ಸ್ಟವ್ ಆಗ್ಲಿ, ಮಲಗೋ ಕೋಣೆ ಹತ್ರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರ್ಲೇಬೇಕು, ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಲಾರಮ್ಮೂ ಬ್ಯಾಟರಿದೇ ತಗೊಳ್ಳಿ, ಕರೆಂಟ್ ಹೋದ್ರೂ ಅದು ಕೂಗ್ಬೇಕು. ನಮಸ್ಕಾರ.